ಮೋಟಾರ್‌ಸೈಕಲ್‌ನ ಎಲೆಕ್ಟ್ರಾನಿಕ್ ಥ್ರಾಟಲ್ ಅಂಟಿಕೊಳ್ಳುವಿಕೆ

ಎಲೆಕ್ಟ್ರಾನಿಕ್ ಥ್ರಾಟಲ್ ಅಂಟಿಕೊಳ್ಳುವಿಕೆ ಎಂದರೆ, ಸವಾರನು ಆಕ್ಸಿಲರೇಟರ್ ಹಿಡಿಕೆಯನ್ನು ಸಡಿಲಿಸಿದ ಮೇಲೂ ಎಂಜಿನ್ನಿಗೆ ಗಾಳಿ ಬಿಡುವ ಕವಾಟವು ಮುಚ್ಚದೆ ಉಳಿಯುವ ಅಥವಾ ತಡವಾಗಿ ಮುಚ್ಚುವ ದೋಷ. ಹಿಡಿಕೆಗೂ ಕವಾಟಕ್ಕೂ ನಡುವೆ ಉಕ್ಕಿನ ಕೇಬಲ್‌ನ ಬದಲು ಸಂವೇದಕ, ನಿಯಂತ್ರಣ ಘಟಕ ಮತ್ತು ವಿದ್ಯುತ್ ಮೋಟಾರು ಇರುವ ಈ ವ್ಯವಸ್ಥೆಯನ್ನು ‘ರೈಡ್-ಬೈ-ವೈರ್’ ಅಥವಾ ‘ಥ್ರಾಟಲ್-ಬೈ-ವೈರ್’ ಎಂದೂ ಕರೆಯಲಾಗುತ್ತದೆ. ದೋಷವು ಹಿಡಿಕೆಯ ಕಡೆ ಇದೆಯೋ ಕವಾಟದ ಕಡೆ ಇದೆಯೋ ಎಂದು ಮೊದಲು ಬೇರ್ಪಡಿಸಿ ನೋಡುವುದು ಪರಿಹಾರದ ಮುಖ್ಯ ಹೆಜ್ಜೆ. ಕವಾಟದ ಕಡೆಯ ದೋಷವನ್ನು ವಾಹನವು ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ. ಹಿಡಿಕೆಯ ಕಡೆಯ ದೋಷವನ್ನು ಅನೇಕ ವೇಳೆ ಗುರುತಿಸಲಾರದು.

ಹಿನ್ನೆಲೆ

ಕಾರುಗಳಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್ 1980ರ ದಶಕದ ಕೊನೆಯ ಭಾಗದಲ್ಲಿ ಬಳಕೆಗೆ ಬಂದಿತು. ಮೋಟಾರ್‌ಸೈಕಲ್‌ಗಳಲ್ಲಿ ಯಮಹಾ ಕಂಪನಿಯ 2006ರ ವೈಜ಼ಡ್ಎಫ್-ಆರ್6 ಇದನ್ನು ಅಳವಡಿಸಿಕೊಂಡ ಮೊದಲಿಗರಲ್ಲಿ ಒಂದು. ಅದರಲ್ಲಿ ಹಿಡಿಕೆಯಿಂದ ಸಂವೇದಕದವರೆಗೆ ಕೇಬಲ್ ಉಳಿದಿತ್ತು. ಕವಾಟವನ್ನು ಮಾತ್ರ ಮೋಟಾರು ತಿರುಗಿಸುತ್ತಿತ್ತು. ಹಾರ್ಲೆ-ಡೇವಿಡ್‌ಸನ್ ತನ್ನ 2008ರ ಟೂರಿಂಗ್ ಮಾದರಿಗಳಿಗೆ ಎಲೆಕ್ಟ್ರಾನಿಕ್ ಥ್ರಾಟಲ್ ನೀಡಿತು. ಭಾರತದಲ್ಲಿ ತಯಾರಾಗುವ ಕೆಟಿಎಂ 390 ಡ್ಯೂಕ್ (2017), ಟಿವಿಎಸ್ ಅಪಾಚೆ ಆರ್‌ಆರ್ 310 (2020) ಮತ್ತು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 (2023) ಮುಂತಾದವುಗಳ ಮೂಲಕ ಈ ತಂತ್ರಜ್ಞಾನವು ಮಧ್ಯಮ ಬೆಲೆಯ ವಾಹನಗಳಿಗೂ ಬಂದಿದೆ. ಸವಾರಿಯ ಮೋಡ್‌ಗಳು, ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಕ್ರೂಸ್ ಕಂಟ್ರೋಲ್‌ಗಳನ್ನು ಒದಗಿಸಲು ಹಾಗೂ ಹೊಗೆಯ ಪ್ರಮಾಣವನ್ನು ನಿಯಂತ್ರಿಸಲು ಇದು ಅನುಕೂಲಕರವಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಸವಾರನು ಹಿಡಿಕೆಯನ್ನು ತಿರುಗಿಸಿದಾಗ ಆಕ್ಸಿಲರೇಟರ್ ಸ್ಥಾನ ಸಂವೇದಕವು ತಿರುವಿನ ಪ್ರಮಾಣವನ್ನು ವೋಲ್ಟೇಜ್ ಸಂಕೇತವಾಗಿ ಎಂಜಿನ್ ನಿಯಂತ್ರಣ ಘಟಕಕ್ಕೆ, ಅಂದರೆ ಇಸಿಯುಗೆ, ಕಳುಹಿಸುತ್ತದೆ. ಎಂಜಿನ್ನಿನ ವೇಗ, ಗೇರ್ ಮತ್ತು ಆಯ್ದ ಮೋಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಇಸಿಯು ಥ್ರಾಟಲ್ ಬಾಡಿಯಲ್ಲಿರುವ ಸಣ್ಣ ಮೋಟಾರಿಗೆ ಆಜ್ಞೆ ನೀಡುತ್ತದೆ. ಮೋಟಾರು ಹಲ್ಲುಚಕ್ರಗಳ ಮೂಲಕ ಬಟರ್‌ಫ್ಲೈ ಕವಾಟವೆಂಬ ದುಂಡನೆಯ ಬಿಲ್ಲೆಯನ್ನು ತಿರುಗಿಸುತ್ತದೆ. ಬಿಲ್ಲೆ ಎಷ್ಟು ತೆರೆದಿದೆ ಎಂಬುದನ್ನು ಥ್ರಾಟಲ್ ಸ್ಥಾನ ಸಂವೇದಕವು ಇಸಿಯುಗೆ ಮರಳಿ ತಿಳಿಸುತ್ತದೆ.

ಸುರಕ್ಷತೆಗಾಗಿ ಎರಡೂ ಕಡೆಯ ಸಂವೇದಕಗಳು ಸಾಮಾನ್ಯವಾಗಿ ಜೋಡಿ ಸಂಕೇತಗಳನ್ನು ನೀಡುತ್ತವೆ. ಅವುಗಳ ನಡುವಿನ ನಿಗದಿತ ಸಂಬಂಧ ತಪ್ಪಿದರೆ ಇಸಿಯು ಅದನ್ನು ದೋಷವೆಂದು ಪರಿಗಣಿಸುತ್ತದೆ. ಹಿಡಿಕೆಗೂ ಬಿಲ್ಲೆಗೂ ಪ್ರತ್ಯೇಕ ಸ್ಪ್ರಿಂಗ್‌ಗಳಿರುತ್ತವೆ. ಮೋಟಾರಿಗೆ ವಿದ್ಯುತ್ ತಪ್ಪಿದಾಗ ಸ್ಪ್ರಿಂಗ್ ಬಿಲ್ಲೆಯನ್ನು ಬಹುತೇಕ ಮುಚ್ಚಿದ ಸ್ಥಿತಿಗೆ ತರುತ್ತದೆ. ಅನೇಕ ವಿನ್ಯಾಸಗಳಲ್ಲಿ ತುಸು ತೆರಪು ಉಳಿಯುವುದರಿಂದ ವಾಹನವನ್ನು ನಿಧಾನವಾಗಿ ಸುರಕ್ಷಿತ ಸ್ಥಳಕ್ಕೆ ಒಯ್ಯಬಹುದು. ಇದನ್ನು ‘ಲಿಂಪ್ ಮೋಡ್’ ಎನ್ನುತ್ತಾರೆ.

ಎರಡು ಬಗೆಯ ಅಂಟಿಕೊಳ್ಳುವಿಕೆ

ಕವಾಟದ ಕಡೆ: ಹಿಡಿಕೆ ಮುಚ್ಚಿದೆ, ಬಿಲ್ಲೆ ತೆರೆದಿದೆ. ಆಜ್ಞೆಗೂ ಸ್ಥಾನಕ್ಕೂ ವ್ಯತ್ಯಾಸ ಕಂಡ ಇಸಿಯು ಮೊದಲು ಮೋಟಾರಿನ ಬಲವನ್ನು ಹೆಚ್ಚಿಸಿ ಬಿಲ್ಲೆಯನ್ನು ಮುಚ್ಚಲು ಯತ್ನಿಸುತ್ತದೆ. ಅದು ಸಾಧ್ಯವಾಗದಿದ್ದರೆ ಎಚ್ಚರಿಕೆ ದೀಪ ಬೆಳಗಿಸಿ, ಇಂಧನ ಅಥವಾ ಕಿಡಿಯನ್ನು ತಡೆದು ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆ.

ಹಿಡಿಕೆಯ ಕಡೆ: ಕೈ ತೆಗೆದರೂ ಹಿಡಿಕೆಯು ಯಾಂತ್ರಿಕ ತಡೆಯಿಂದ ತೆರೆದ ಸ್ಥಿತಿಯಲ್ಲೇ ನಿಂತಿದೆ. ಎರಡೂ ಸಂಕೇತಗಳು ಪರಸ್ಪರ ಹೊಂದುತ್ತವೆ, ಬಿಲ್ಲೆಯೂ ಆಜ್ಞೆಯಂತೆಯೇ ತೆರೆದಿದೆ. ಇಸಿಯುವಿನ ದೃಷ್ಟಿಯಲ್ಲಿ ಇದು ಸವಾರನ ಇಚ್ಛೆಯೇ ಆಗಿರುವುದರಿಂದ ದೀಪ ಬೆಳಗುವುದಿಲ್ಲ, ದೋಷ ಸಂಕೇತವೂ ದಾಖಲಾಗುವುದಿಲ್ಲ. ಆದ್ದರಿಂದ ‘ಸ್ಕ್ಯಾನರ್‌ನಲ್ಲಿ ಏನೂ ಕಾಣಲಿಲ್ಲ’ ಎಂಬುದು ದೋಷವಿಲ್ಲ ಎಂಬುದಕ್ಕೆ ಪುರಾವೆಯಾಗದು.

ಇಂಥ ಪ್ರಶ್ನೆ ಕಾರುಗಳ ವಿಷಯದಲ್ಲಿ ವ್ಯಾಪಕವಾಗಿ ಚರ್ಚೆಯಾಗಿದೆ. ಟೊಯೊಟಾ ಕಂಪನಿಯು 2009 ಮತ್ತು 2010ರಲ್ಲಿ ನೆಲಹಾಸಿಗೆ ಸಿಲುಕುವ ಹಾಗೂ ಅಂಟಿಕೊಳ್ಳುವ ಆಕ್ಸಿಲರೇಟರ್ ಪೆಡಲ್‌ಗಳ ಕಾರಣದಿಂದ ಅಮೆರಿಕದಲ್ಲಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿತು. ನಾಸಾ ತಜ್ಞರು ನಡೆಸಿದ ಪರಿಶೀಲನೆಯ ವರದಿ ಫೆಬ್ರವರಿ 2011ರಲ್ಲಿ ಪ್ರಕಟವಾಯಿತು. ಥ್ರಾಟಲ್ ಅಪಾಯಕಾರಿಯಾಗಿ ತೆರೆಯುವಂತೆ ಮಾಡುವ ಎಲೆಕ್ಟ್ರಾನಿಕ್ ದೋಷ ಅದರಲ್ಲಿ ಕಂಡುಬರಲಿಲ್ಲ. ಆದರೆ ತಂತ್ರಾಂಶದ ದೋಷವನ್ನು ಮುಂದಿಟ್ಟ ದಾವೆಯೊಂದರಲ್ಲಿ ಓಕ್ಲಹೋಮದ ಜ್ಯೂರಿಯು 2013ರಲ್ಲಿ ಕಂಪನಿಯನ್ನು ಹೊಣೆಯಾಗಿಸಿತು.

ಕಾರಣಗಳು

ಹಿಡಿಕೆಯ ಕಡೆಯ ಸಾಮಾನ್ಯ ಕಾರಣಗಳು:
• ಬದಲಿ ಗ್ರಿಪ್ ಅಥವಾ ಹ್ಯಾಂಡ್‌ಗಾರ್ಡ್ ಅಳವಡಿಸಿದಾಗ ಹಿಡಿಕೆಯ ತುದಿಯು ಹ್ಯಾಂಡಲ್ ತುದಿಯ ತೂಕಕ್ಕೆ ಉಜ್ಜುವುದು
• ಗ್ರಿಪ್‌ಗೆ ಹಚ್ಚಿದ ಅಂಟು ಒಳಗಿನ ಕೊಳವೆಗೆ ಇಳಿಯುವುದು
• ಧೂಳು, ಕೆಸರು ಅಥವಾ ಗಟ್ಟಿಯಾದ ಗ್ರೀಸ್ ಸೇರಿಕೊಳ್ಳುವುದು
• ವಾಹನ ಬಿದ್ದಾಗ ಹ್ಯಾಂಡಲ್ ಬಾಗುವುದು ಅಥವಾ ಹಿಡಿಕೆಯ ಸ್ಪ್ರಿಂಗ್ ದುರ್ಬಲಗೊಳ್ಳುವುದು

ಕವಾಟದ ಕಡೆಯ ಸಾಮಾನ್ಯ ಕಾರಣಗಳು:
• ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆಯ ಆವಿ ಧೂಳಿನೊಂದಿಗೆ ಬೆರೆತು ಬಿಲ್ಲೆಯ ಅಂಚಿನಲ್ಲಿ ಜಿಡ್ಡಿನ ಮಸಿಯಾಗಿ ಕಟ್ಟುವುದು
• ಹರಿದ ಅಥವಾ ಸರಿಯಾಗಿ ಕೂರದ ಏರ್ ಫಿಲ್ಟರ್‌ನಿಂದ ಧೂಳು ಒಳಸೇರುವುದು
• ಹಲ್ಲುಚಕ್ರ ಅಥವಾ ಮೋಟಾರಿನ ಸವೆತ

ವಿದ್ಯುತ್ ಸಂಬಂಧಿ ದೋಷಗಳೂ ಇದೇ ಅನುಭವ ನೀಡಬಹುದು. ರಭಸದ ನೀರಿನಿಂದ ವಾಹನ ತೊಳೆದಾಗ ಕನೆಕ್ಟರ್‌ಗೆ ನೀರು ನುಗ್ಗುವುದು, ಪಿನ್‌ಗಳಿಗೆ ಕಿಲುಬು ಹಿಡಿಯುವುದು, ಹ್ಯಾಂಡಲ್ ತಿರುಗುವ ಜಾಗದಲ್ಲಿ ತಂತಿ ಒಳಗೇ ತುಂಡಾಗುವುದು ಮತ್ತು ಬ್ಯಾಟರಿಯ ವೋಲ್ಟೇಜ್ ಕುಸಿಯುವುದು ಇವುಗಳಲ್ಲಿ ಸೇರಿವೆ.

ಸವಾರಿಯ ವೇಳೆ ಥ್ರಾಟಲ್ ಅಂಟಿದಾಗ

1. ಕ್ಲಚ್ ಲಿವರ್ ಪೂರ್ತಿ ಹಿಡಿಯಬೇಕು. ಎಂಜಿನ್ ಅಬ್ಬರಿಸಿದರೂ ಹಿಂಚಕ್ರಕ್ಕೆ ಬಲ ಹೋಗುವುದಿಲ್ಲ. ವೇಗಮಿತಿ ವ್ಯವಸ್ಥೆಯು ಎಂಜಿನ್ನನ್ನು ತಕ್ಷಣದ ಹಾನಿಯಿಂದ ಕಾಯುತ್ತದೆ.
2. ಬಲ ಹೆಬ್ಬೆರಳಿನಿಂದ ಕಿಲ್ ಸ್ವಿಚ್ ಒತ್ತಬೇಕು.
3. ಎರಡೂ ಬ್ರೇಕ್‌ಗಳನ್ನು ಹದವಾಗಿ ಬಳಸಿ, ಹಿಂದಿನ ವಾಹನಗಳನ್ನು ಗಮನಿಸುತ್ತ ರಸ್ತೆಯ ಎಡಬದಿಗೆ ಬಂದು ನಿಲ್ಲಿಸಬೇಕು.

ಕ್ಲಚ್ ಹಿಡಿಯದೆ ಬ್ರೇಕ್ ಒಂದನ್ನೇ ನೆಚ್ಚಿದರೆ ಬ್ರೇಕ್‌ಗಳು ಎಂಜಿನ್ನಿನ ಬಲದ ವಿರುದ್ಧ ದುಡಿಯಬೇಕಾಗುತ್ತದೆ. ಕ್ಲಚ್ ಲಿವರ್ ಇಲ್ಲದ ಸ್ಕೂಟರ್‌ಗಳಲ್ಲಿ ಕಿಲ್ ಸ್ವಿಚ್ ಮತ್ತು ಬ್ರೇಕ್‌ಗಳನ್ನು ಒಟ್ಟಿಗೆ ಬಳಸಬೇಕು. ಚಲಿಸುತ್ತಿರುವಾಗ ಕೀಲಿ ತಿರುಗಿಸುವುದು ಸೂಕ್ತವಲ್ಲ. ಎಬಿಎಸ್ ಮತ್ತು ದೀಪಗಳು ಆರುತ್ತವೆ, ಗಡಿಬಿಡಿಯಲ್ಲಿ ಹ್ಯಾಂಡಲ್ ಲಾಕ್ ಆಗುವ ಅಪಾಯವೂ ಇದೆ. ಎಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ದೋಷ ಮಾಯವಾದಂತೆ ಕಂಡರೂ ಕಾರಣ ತಿಳಿಯುವವರೆಗೆ ಸವಾರಿ ಮುಂದುವರಿಸಬಾರದು.

ತಪಾಸಣೆ

ಎಂಜಿನ್ ಆಫ್ ಇರುವಾಗ ಹಿಡಿಕೆಯನ್ನು ಪೂರ್ತಿ ತಿರುಗಿಸಿ ಬಿಡಬೇಕು. ಹ್ಯಾಂಡಲ್ ಎಡ, ಮಧ್ಯ, ಬಲ ಎಲ್ಲಿದ್ದರೂ ಅದು ಚಟ್ಟನೆ ಮುಚ್ಚಬೇಕು. ತಡೆದು ಮರಳಿದರೆ ದೋಷ ಹಿಡಿಕೆಯ ಕಡೆ ಇದೆ. ಕೇಬಲ್ ಇಲ್ಲದ ವಾಹನದಲ್ಲಿ ಈ ಪರೀಕ್ಷೆ ಹಿಡಿಕೆಯನ್ನು ಮಾತ್ರ ಪರಿಶೀಲಿಸುತ್ತದೆ, ಕವಾಟವನ್ನಲ್ಲ.

ಮುಂದೆ, ಗೇರ್ ನ್ಯೂಟ್ರಲ್‌ನಲ್ಲಿರಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲನ್ನು ಎರಡೂ ತುದಿಗಳಿಗೆ ತಿರುಗಿಸಬೇಕು. ಆಗ ಎಂಜಿನ್ನಿನ ವೇಗ ಬದಲಾದರೆ ತಂತಿಯ ಎಳೆತವನ್ನು ಶಂಕಿಸಬಹುದು. ಒಬಿಡಿ ಸ್ಕ್ಯಾನರ್‌ನಲ್ಲಿ ಹಿಡಿಕೆಯ ಮತ್ತು ಬಿಲ್ಲೆಯ ಸ್ಥಾನಗಳನ್ನು ಒಟ್ಟಿಗೆ ನೋಡಿದರೆ ದೋಷದ ಕಡೆ ಸ್ಪಷ್ಟವಾಗುತ್ತದೆ. ಸಂಬಂಧಿತ ಪ್ರಮಾಣಿತ ಸಂಕೇತಗಳಲ್ಲಿ ಕೆಲವು:
• ಪಿ2111: ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸಿಲುಕಿದೆ
• ಪಿ2112: ಥ್ರಾಟಲ್ ಮುಚ್ಚಿದ ಸ್ಥಿತಿಯಲ್ಲಿ ಸಿಲುಕಿದೆ
• ಪಿ2135: ಥ್ರಾಟಲ್ ಸ್ಥಾನದ ಎರಡು ಸಂಕೇತಗಳು ಹೊಂದುತ್ತಿಲ್ಲ
• ಪಿ2138: ಆಕ್ಸಿಲರೇಟರ್ ಸ್ಥಾನದ ಎರಡು ಸಂಕೇತಗಳು ಹೊಂದುತ್ತಿಲ್ಲ

ಸಂಕೇತಗಳನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಬೇಕು. ಸರ್ವಿಸ್ ಸೆಂಟರ್‌ನಲ್ಲಿ ಅವುಗಳನ್ನು ಜಾಬ್ ಕಾರ್ಡ್‌ನಲ್ಲಿ ನಮೂದಿಸಿಕೊಳ್ಳುವುದು ವಾರಂಟಿಯ ದೃಷ್ಟಿಯಿಂದಲೂ ಉಪಯುಕ್ತ.

ದುರಸ್ತಿ

ಹಿಡಿಕೆಯ ಕಡೆಯ ದೋಷಕ್ಕೆ ಕೊಳವೆಯನ್ನು ಶುಚಿಗೊಳಿಸಿ, ಗ್ರಿಪ್ ಮತ್ತು ತುದಿಯ ತೂಕದ ನಡುವೆ ಸಣ್ಣ ತೆರಪು ಬಿಟ್ಟು ಜೋಡಿಸಿದರೆ ಅನೇಕ ವೇಳೆ ಸಾಕು. ಸಂವೇದಕವಿರುವ ಕೊಳವೆಗೆ ಎಣ್ಣೆ ಅಥವಾ ಗ್ರೀಸ್ ಹಾಕುವ ಮುನ್ನ ಆ ಮಾದರಿಯ ಕೈಪಿಡಿಯನ್ನು ನೋಡಬೇಕು.

ಥ್ರಾಟಲ್ ಬಾಡಿಯನ್ನು ಶುಚಿಗೊಳಿಸುವಾಗ ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ಋಣ ತುದಿಯನ್ನು ಕಳಚಿರಬೇಕು. ವಿದ್ಯುತ್ ಇರುವಾಗ ಬಿಲ್ಲೆಯ ಬಳಿ ಬೆರಳಿಟ್ಟರೆ ಮೋಟಾರಿನ ಹಠಾತ್ ಚಲನೆಯಿಂದ ಗಾಯವಾಗಬಹುದು. ಥ್ರಾಟಲ್ ಬಾಡಿಗೆಂದೇ ತಯಾರಿಸಿದ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಮಸಿಯನ್ನು ಒರೆಸಬೇಕು. ನೇರವಾಗಿ ಧಾರಾಳವಾಗಿ ಸಿಂಪಡಿಸಿದರೆ ದ್ರವವು ಮೋಟಾರು ಮತ್ತು ಸಂವೇದಕಗಳಿಗೆ ಇಳಿಯಬಹುದು. ತೀಕ್ಷ್ಣ ಕಾರ್ಬ್ಯುರೇಟರ್ ಕ್ಲೀನರ್, ಉಪ್ಪು ಕಾಗದ ಮತ್ತು ಲೋಹದ ಕುಂಚಗಳು ಒಳಮೈಯ ಲೇಪವನ್ನು ಕೆಡಿಸಬಹುದು. ಬಿಲ್ಲೆಯನ್ನು ಬಲವಂತವಾಗಿ ತಿರುಗಿಸಿದರೆ ಹಲ್ಲುಚಕ್ರ ಮುರಿಯಬಹುದು.

ಮಸಿ ತೆಗೆದ ಬಳಿಕ ಅದೇ ಸ್ಥಾನದಲ್ಲಿ ಮೊದಲಿಗಿಂತ ಹೆಚ್ಚು ಗಾಳಿ ಹರಿಯುವುದರಿಂದ ಐಡಲ್ ವೇಗ ಏರಿಳಿಯಬಹುದು. ಇಸಿಯು ಹೊಸ ಸ್ಥಾನವನ್ನು ಕಲಿಯುವ ‘ಥ್ರಾಟಲ್ ಅಡಾಪ್ಟೇಷನ್’ ಕ್ರಮವು ಕೆಲವು ಮಾದರಿಗಳಲ್ಲಿ ಕೀಲಿ ಆನ್ ಮಾಡಿ ಕಾಯುವುದರಿಂದ, ಇನ್ನು ಕೆಲವುಗಳಲ್ಲಿ ಸ್ಕ್ಯಾನರ್‌ನಿಂದ ಪೂರ್ಣಗೊಳ್ಳುತ್ತದೆ. ಶುಚಿಗೊಳಿಸಿದ ಮೇಲೂ ದೋಷ ಮರುಕಳಿಸಿದರೆ ಸಾಮಾನ್ಯವಾಗಿ ಥ್ರಾಟಲ್ ಬಾಡಿಯನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ.

ತಡೆಗಟ್ಟುವಿಕೆ

ಏರ್ ಫಿಲ್ಟರನ್ನು ಸಕಾಲದಲ್ಲಿ ಬದಲಿಸುವುದು, ಎಂಜಿನ್ ಆಯಿಲನ್ನು ಮಟ್ಟ ಮೀರಿ ತುಂಬದಿರುವುದು, ಕನೆಕ್ಟರ್‌ಗಳ ಮೇಲೆ ರಭಸದ ನೀರು ಬಿಡದಿರುವುದು ಮತ್ತು ಕಂಪನಿಯ ಹಿಂಪಡೆತದ ಪ್ರಕಟಣೆಗಳನ್ನು ಗಮನಿಸುವುದು ಮುಖ್ಯ ಕ್ರಮಗಳು. ಹ್ಯಾಂಡಲ್‌ಗೆ ಯಾವುದೇ ಹೊಸ ಸಾಧನ ಅಳವಡಿಸಿದ ನಂತರ ಮತ್ತು ವಾಹನ ಬಿದ್ದ ನಂತರ ಹಿಡಿಕೆಯ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಹಿಡಿಕೆಯ ಯಾಂತ್ರಿಕ ತಡೆಗೆ ಇಸಿಯು ಸಾಮಾನ್ಯವಾಗಿ ಎಚ್ಚರಿಕೆ ನೀಡದ ಕಾರಣ, ಸವಾರಿಗೆ ಮುನ್ನ ಅದನ್ನು ಒಮ್ಮೆ ತಿರುಗಿಸಿ ಬಿಟ್ಟು ನೋಡುವುದು ಆ ದೋಷವನ್ನು ಮೊದಲೇ ಕಂಡುಕೊಳ್ಳುವ ಸರಳ ಕ್ರಮ.