ಎರಡು ವರ್ಷದ ಓದು, ಜನರ ನಡುವಿನ ಕೆಲಸ: ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಹ್ಯೂಮನ್ ಸರ್ವಿಸಸ್

ಮನೆ ಕಳೆದುಕೊಂಡ ಕುಟುಂಬಕ್ಕೆ ರಾತ್ರಿ ತಂಗಲು ಜಾಗ ಹುಡುಕುವವರು, ಕುಡಿತ ಬಿಡಲು ಬಂದವರ ಜೊತೆ ವಾರವಾರವೂ ಕೂತು ಮಾತಾಡುವವರು, ಒಂಟಿ ಮುದುಕರಿಗೆ ಸರ್ಕಾರಿ ಆರೋಗ್ಯ ವಿಮೆಯ ಅರ್ಜಿ ತುಂಬಿಕೊಡುವವರು, ಜೈಲಿನಿಂದ ಹೊರಬಂದವರಿಗೆ ಕೆಲಸ ಸಿಗುವವರೆಗೆ ಬೆನ್ನಿಗೆ ನಿಲ್ಲುವವರು: ಇವರೆಲ್ಲರ ಕೆಲಸವನ್ನು ಅಮೆರಿಕದಲ್ಲಿ ಹ್ಯೂಮನ್ ಸರ್ವಿಸಸ್ ಎಂಬ ಒಂದೇ ಹೆಸರಿನಡಿ ಸೇರಿಸುತ್ತಾರೆ. ಈ ಕೆಲಸಕ್ಕೆ ಬರುವವರಲ್ಲಿ ಅನೇಕರು ದೊಡ್ಡ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ, ತಮ್ಮ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಅಸೋಸಿಯೇಟ್ ಪದವಿ ಪಡೆದವರು.

ಹುಟ್ಟಿದ ಬಗೆ

ಕಮ್ಯುನಿಟಿ ಕಾಲೇಜುಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು ಶುರುವಾದದ್ದು 1901ರಲ್ಲಿ. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಕೊಟ್ಟ ವರದಿ, ಮನೆಯಿಂದಲೇ ಹೋಗಿ ಬರಬಹುದಾದ, ಕಡಿಮೆ ಶುಲ್ಕದ ಇಂಥ ಕಾಲೇಜುಗಳು ದೇಶದ ಉದ್ದಗಲಕ್ಕೂ ಬೇಕೆಂದಿತು.

ಅಲ್ಲಿ ಹ್ಯೂಮನ್ ಸರ್ವಿಸಸ್ ಓದು ಬೇರೂರಿದ್ದಕ್ಕೆ ಕಾರಣ ಹುಚ್ಚಾಸ್ಪತ್ರೆಗಳು. 1955ರ ವೇಳೆಗೆ ಅಮೆರಿಕದ ರಾಜ್ಯ ಸರ್ಕಾರಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ಜನರಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯ್ದೆ, ರೋಗಿಗಳನ್ನು ಗೋಡೆಗಳೊಳಗೆ ಇಡುವ ಬದಲು ಅವರ ಊರುಗಳ ಸಮುದಾಯ ಕೇಂದ್ರಗಳಲ್ಲೇ ಆರೈಕೆ ಮಾಡುವ ದಾರಿ ತೆರೆಯಿತು. ಆದರೆ ಆ ಕೇಂದ್ರಗಳಲ್ಲಿ ದುಡಿಯಲು ಬೇಕಾದಷ್ಟು ಮನೋವೈದ್ಯರಾಗಲಿ ಸ್ನಾತಕೋತ್ತರ ಪದವಿಯ ಸಮಾಜ ಕಾರ್ಯಕರ್ತರಾಗಲಿ ಇರಲಿಲ್ಲ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ 1960ರ ದಶಕದ ಮಧ್ಯದಲ್ಲಿ ಫೋರ್ಟ್ ವೇನ್‌ನಲ್ಲಿ ಮಾನಸಿಕ ಆರೋಗ್ಯ ಕಾರ್ಯಕರ್ತರಿಗಾಗಿ ಎರಡು ವರ್ಷದ ಪದವಿ ಆರಂಭಿಸಿತು. ಇತರ ಕಾಲೇಜುಗಳೂ ಅದೇ ಹಾದಿ ಹಿಡಿದವು.

ಇದೇ ಹೊತ್ತಿಗೆ ಇನ್ನೊಂದು ವಿಚಾರವೂ ಬಲಗೊಂಡಿತು. ಆರ್ಥರ್ ಪರ್ಲ್ ಮತ್ತು ಫ್ರಾಂಕ್ ರೀಸ್‌ಮನ್ 1965ರ ತಮ್ಮ ಪುಸ್ತಕದಲ್ಲಿ, ಬಡವರನ್ನು ನೆರವು ಪಡೆಯುವವರೆಂದಷ್ಟೇ ನೋಡದೆ ನೆರವು ನೀಡುವ ವೃತ್ತಿಗಳಿಗೇ ಸೇರಿಸಿಕೊಳ್ಳಬೇಕೆಂದು ವಾದಿಸಿದರು. ಈ ಓದಿನ ಜೀವಾಳ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವಳಿಗೆ ಆ ಕಷ್ಟ ಗೊತ್ತು, ಚಟದಿಂದ ಹೊರಬಂದವನಿಗೆ ಮರಳಿ ಜಾರುವ ಹೊತ್ತು ಗೊತ್ತು. ಆ ಅರಿವನ್ನು ಶಿಸ್ತಿಗೆ ತರುವುದೇ ಕಾಲೇಜಿನ ಪಾಲಿನ ಕೆಲಸ.

ತರಗತಿಯಲ್ಲಿ

ಪದವಿಗೆ ಸಾಮಾನ್ಯವಾಗಿ 60 ಕ್ರೆಡಿಟ್ ಬೇಕು. ಇಂಗ್ಲಿಷ್, ಗಣಿತ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆಗೆ ಸಂದರ್ಶನ ಕೌಶಲ, ಕೇಸ್ ನಿರ್ವಹಣೆ, ಗುಂಪು ನಡೆಸುವಿಕೆ, ವೃತ್ತಿ ನೀತಿ ಇವು ಮುಖ್ಯ ವಿಷಯಗಳು.

ಸಂದರ್ಶನದ ಪಾಠ ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ವಿದ್ಯಾರ್ಥಿಗಳು ಒಬ್ಬರು ಕಷ್ಟ ಹೇಳಿಕೊಳ್ಳುವವರಾಗಿ, ಇನ್ನೊಬ್ಬರು ಕೇಳುವವರಾಗಿ ಅಭ್ಯಾಸ ಮಾಡುತ್ತಾರೆ. ಸಲಹೆ ಕೊಡಲು ತವಕಿಸುವ ನಾಲಿಗೆಯನ್ನು ಹಿಡಿದಿಡುವುದು, ಅಳುವವರ ಎದುರು ಗಾಬರಿಯಾಗದೆ ಸುಮ್ಮನಿರುವುದು ಅಭ್ಯಾಸದಿಂದಲೇ ಬರಬೇಕು. ಹೊಡೆಯುವ ಗಂಡನ ಬಳಿಗೇ ಮರಳುತ್ತೇನೆ ಎನ್ನುವ ಹೆಣ್ಣುಮಗಳನ್ನು ಗದರಿಸುವಂತಿಲ್ಲ. ಅಪಾಯ ಎದುರಾದರೆ ಯಾವ ಬಾಗಿಲಿಂದ ಹೊರಡಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಕಾಗದಪತ್ರ ಕೈಗೆ ಸಿಗುವಂತಿರಬೇಕು ಎಂದು ಅವಳ ಜೊತೆ ಕೂತು ಯೋಜಿಸಬೇಕು. ತೀರ್ಮಾನ ಅವಳದು.

ಟಿಪ್ಪಣಿ ಬರೆಯುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸುತ್ತಾರೆ. ‘ತಾಯಿ ಬೇಜವಾಬ್ದಾರಿ’ ಎಂದು ಬರೆದರೆ ಅದು ತೀರ್ಪು. ‘ಬೆಳಿಗ್ಗೆ 11ಕ್ಕೆ ಹೋದಾಗ ಮಗು ತಿಂಡಿ ತಿಂದಿರಲಿಲ್ಲ, ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಮಲಗಿದ್ದರು’ ಎಂದು ಬರೆದರೆ, ಬೆಳಗಿನ ಹೊತ್ತು ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು ಎಂಬುದು ಓದಿದವರಿಗೆ ಹೊಳೆಯುತ್ತದೆ. ಆ ಕಡತ ಮುಂದೆ ನ್ಯಾಯಾಲಯದ ಮುಂದೆಯೂ ಹೋಗಬಹುದು. ಒಂದು ಸಾಲಿನ ಮೇಲೆ ಒಂದು ಮಗುವಿನ ಮನೆ ನಿಂತಿರಬಹುದು.

ಗೋಪ್ಯತೆಯ ಪಾಠದಲ್ಲಿ ಎರಡು ಕಾನೂನುಗಳು ಎದುರುಬದುರಾಗಿ ನಿಲ್ಲುತ್ತವೆ. ವ್ಯಸನ ಚಿಕಿತ್ಸೆಯ ಕೇಂದ್ರಕ್ಕೆ ಯಾರಾದರೂ ಫೋನ್ ಮಾಡಿ ಇಂಥವರು ಅಲ್ಲಿದ್ದಾರೆಯೇ ಎಂದು ಕೇಳಿದರೆ, ರೋಗಿಯ ಒಪ್ಪಿಗೆಯಿಲ್ಲದೆ ‘ಇದ್ದಾರೆ’ ಎನ್ನಲು ಫೆಡರಲ್ ನಿಯಮ ಬಿಡುವುದಿಲ್ಲ. ಇನ್ನೊಂದೆಡೆ, ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಅನುಮಾನ ಬಂದರೆ ಅಧಿಕಾರಿಗಳಿಗೆ ತಿಳಿಸಲೇಬೇಕೆಂಬ ಹೊಣೆಯನ್ನು ರಾಜ್ಯಗಳ ಕಾನೂನು ಇಂಥ ವೃತ್ತಿಗಳ ಮೇಲೆ ಹೊರಿಸಿದೆ. ಆದ್ದರಿಂದ ಯಾವ ಮಾತು ತನ್ನಲ್ಲೇ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಬೇಕೆಂದು ಕಲಿಸುತ್ತಾರೆ. ನಂಬಿಸಿ ಹೇಳಿಸಿಕೊಂಡು ಆಮೇಲೆ ವರದಿ ಮಾಡಿದರೆ ಆ ವ್ಯಕ್ತಿ ಇನ್ನೊಬ್ಬರನ್ನು ನಂಬುವುದು ಕಷ್ಟ.

ಕ್ಷೇತ್ರಕಾರ್ಯ

ಈ ವಿಷಯದ ಕೋರ್ಸುಗಳಿಗೆ ಮಾನ್ಯತೆ ನೀಡಲು 1979ರಲ್ಲಿ ಹುಟ್ಟಿದ ರಾಷ್ಟ್ರೀಯ ಮಂಡಳಿಯೊಂದಿದೆ. ಅಸೋಸಿಯೇಟ್ ಪದವಿಗೆ ಅದು ಕನಿಷ್ಠ 250 ಗಂಟೆಗಳ ಕ್ಷೇತ್ರಕಾರ್ಯ ಕೇಳುತ್ತದೆ. ಎಲ್ಲ ಕಾಲೇಜುಗಳೂ ಈ ಮಾನ್ಯತೆ ಪಡೆದಿಲ್ಲ; ಆದರೂ ಕ್ಷೇತ್ರಕಾರ್ಯ ಬಹುತೇಕ ಎಲ್ಲೆಡೆಯೂ ಇದೆ. ಆಶ್ರಯ ಕೇಂದ್ರ, ವೃದ್ಧರ ಹಗಲು ಕೇಂದ್ರ, ಅಂಗವಿಕಲರ ವಸತಿಗೃಹ, ಆಹಾರ ವಿತರಣಾ ಕೇಂದ್ರಗಳಲ್ಲಿ ವಿದ್ಯಾರ್ಥಿ ಮೇಲ್ವಿಚಾರಕರ ಕಣ್ಣಳತೆಯಲ್ಲಿ ದುಡಿಯುತ್ತಾನೆ, ವಾರಕ್ಕೊಮ್ಮೆ ತರಗತಿಗೆ ಬಂದು ಕಂಡದ್ದನ್ನು ಗೆಳೆಯರ ಮುಂದಿಡುತ್ತಾನೆ.

ಹೆಚ್ಚಿನ ಕಡೆ ಈ ದುಡಿಮೆಗೆ ಸಂಬಳವಿಲ್ಲ. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಕೆಲಸ ಮಾಡುತ್ತಲೇ ಓದುವವರು. ಮಕ್ಕಳಿರುವ ತಾಯಂದಿರೂ ಇದ್ದಾರೆ. ಅಂಗಡಿಯ ಪಾಳಿ ಬಿಟ್ಟು 250 ಗಂಟೆ ಉಚಿತವಾಗಿ ದುಡಿಯಿರಿ ಎನ್ನುವುದು ಅವರ ಪಾಲಿಗೆ ಸಣ್ಣ ಮಾತಲ್ಲ. ಬಡವರನ್ನು ಈ ವೃತ್ತಿಗೆ ತರಬೇಕೆಂಬ ಆಶಯ ಹೊತ್ತ ಓದಿಗೆ ಇದು ದೊಡ್ಡ ಕೊರತೆಯೇ ಸರಿ. ಇದರ ಜೊತೆಗೆ ಅನೇಕ ಸಂಸ್ಥೆಗಳು ಅಪರಾಧ ಹಿನ್ನೆಲೆಯ ತಪಾಸಣೆ ನಡೆಸುತ್ತವೆ. ಹಳೆಯ ಪ್ರಕರಣವಿರುವವರು ಸೇರುವ ಮೊದಲೇ ಕಾಲೇಜಿನ ಸಂಯೋಜಕರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಖರ್ಚು ಮತ್ತು ಸಂಬಳ

ನಾಲ್ಕು ವರ್ಷದ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಶುಲ್ಕ ಬಹಳ ಕಡಿಮೆ. ಕಡಿಮೆ ವರಮಾನದವರಿಗೆ ಸಿಗುವ ಫೆಡರಲ್ ಪೆಲ್ ಅನುದಾನದ ಗರಿಷ್ಠ ಮೊತ್ತ 2024-25ರಲ್ಲಿ 7,395 ಡಾಲರ್. ಅನೇಕ ಕಾಲೇಜುಗಳಲ್ಲಿ ವರ್ಷದ ಬೋಧನಾ ಶುಲ್ಕಕ್ಕಿಂತ ಇದೇ ಹೆಚ್ಚು. ಟೆನೆಸೀಯಂಥ ರಾಜ್ಯಗಳು ಬೋಧನಾ ಶುಲ್ಕವನ್ನು ತಾವೇ ಭರಿಸುವ ಯೋಜನೆ ತಂದಿವೆ.

ಸಂಬಳದ ವಿಷಯದಲ್ಲಿ ಮುಚ್ಚುಮರೆ ಬೇಡ. ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ 2023ರ ಮೇ ತಿಂಗಳಿನಲ್ಲಿ ಈ ಕ್ಷೇತ್ರದ ಸಹಾಯಕರ ಮಧ್ಯಮ ವಾರ್ಷಿಕ ಸಂಬಳ 41,410 ಡಾಲರ್ ಇತ್ತು. ಸಮಾಜ ಕಾರ್ಯಕರ್ತರದು 58,380 ಡಾಲರ್. ನೋವು ಕೇಳಿ ಕೇಳಿ ದಣಿಯುವ ಕೆಲಸಕ್ಕೆ ಇದು ಸಾಲದು ಎಂದೇ ನನ್ನ ಅಭಿಪ್ರಾಯ.

ಮುಂದಿನ ಓದು

ಅಸೋಸಿಯೇಟ್ ಪದವಿ ಪಡೆದವರು ತಮ್ಮನ್ನು ಸೋಷಿಯಲ್ ವರ್ಕರ್ ಎಂದು ಕರೆದುಕೊಳ್ಳಲು ಅನೇಕ ರಾಜ್ಯಗಳಲ್ಲಿ ಕಾನೂನು ಒಪ್ಪುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ಸಮಾಜಕಾರ್ಯ ಪದವಿ ಬೇಕು. ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿಯೂ ಪರವಾನಗಿಯೂ ಬೇಕು. ಕಮ್ಯುನಿಟಿ ಕಾಲೇಜಿನಿಂದ ನಾಲ್ಕು ವರ್ಷದ ಪದವಿಗೆ ದಾಟುವಾಗ ವಿದ್ಯಾರ್ಥಿಗಳು ಎಡವುವುದು ಪದವಿಯ ಬಗೆ ಆರಿಸುವಲ್ಲಿ. ಅಸೋಸಿಯೇಟ್ ಪದವಿಯಲ್ಲಿ ಎರಡು ಬಗೆ. ಕಲೆ ಅಥವಾ ವಿಜ್ಞಾನದ ಪದವಿ ಮುಂದಿನ ಓದಿಗೆಂದು ರೂಪಿಸಿದ್ದು. ಅನ್ವಯಿಕ ವಿಜ್ಞಾನದ ಪದವಿ ನೇರವಾಗಿ ಕೆಲಸಕ್ಕೆ ಸೇರುವವರಿಗೆ. ಅದರ ಎಷ್ಟೋ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯಗಳು ಒಪ್ಪದಿರಬಹುದು, ಆಗ ಅದೇ ವಿಷಯವನ್ನು ಮತ್ತೆ ದುಡ್ಡು ಕೊಟ್ಟು ಓದಬೇಕಾಗುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ. ಸಂಗಾತಿಯ ಉದ್ಯೋಗದಿಂದಾಗಿ ಎಚ್-4 ವೀಸಾದಲ್ಲಿ ಇರುವವರು ಈ ಕಾಲೇಜುಗಳಲ್ಲಿ ಓದಬಹುದು, ಆದರೆ ಆ ವೀಸಾ ತಾನಾಗಿ ಕೆಲಸದ ಅನುಮತಿ ಕೊಡುವುದಿಲ್ಲ. ಹೀಗಾಗಿ ಆ ವೀಸಾದಲ್ಲಿ ಕ್ಷೇತ್ರಕಾರ್ಯ ಮಾಡಬಹುದೇ ಎಂಬುದನ್ನೂ, ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಯಾವ ಕ್ರೆಡಿಟ್ ಸ್ವೀಕರಿಸುತ್ತದೆ ಎಂಬುದನ್ನೂ ಮೊದಲ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಬೇಕು.