ಕಿಲುಬಿನ ಜೊತೆ ಮೂವತ್ತು ವರ್ಷ

1887ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಷ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳ ಬೆನ್ನು ಹತ್ತಿದ್ದರು. ಒಂದು ಕಡೆ ಕಿಡಿ ಹಾರಿಸಿದರೆ, ದೂರದಲ್ಲಿಟ್ಟ ತಂತಿಬಳೆಯ ಸಣ್ಣ ಸಂದಿನಲ್ಲಿ ಇನ್ನೊಂದು ಕಿಡಿ ಹಾರಬೇಕು. ಆ ಎರಡನೆಯ ಕಿಡಿ ತೀರಾ ಬಡಕಲು, ಕಣ್ಣಿಗೆ ಬೀಳುವುದೇ ಕಷ್ಟ. ಸರಿಯಾಗಿ ಕಾಣಲೆಂದು ಅದನ್ನು ಕತ್ತಲ ಪೆಟ್ಟಿಗೆಯೊಳಗಿಟ್ಟರೆ ಕಿಡಿ ಇನ್ನಷ್ಟು ಗಿಡ್ಡವಾಯಿತು! ಪೆಟ್ಟಿಗೆಯ ಒಂದೊಂದೇ ಬದಿ ಕಳಚಿ ನೋಡಿದರು. ಅಡ್ಡಿಯಾಗಿದ್ದುದು ಮೊದಲ ಕಿಡಿಗೆ ಎದುರಾಗಿದ್ದ ಬದಿ ಮಾತ್ರ. ನಡುವೆ ಗಾಜು ಹಿಡಿದರೂ ಅದೇ ಕಥೆ. ಕ್ವಾರ್ಟ್ಜ್ ಹಿಡಿದರೆ ತೊಂದರೆಯಿಲ್ಲ. ಗಾಜು ತಡೆದು ಕ್ವಾರ್ಟ್ಜ್ ಬಿಟ್ಟುಕೊಡುವುದು ಅತಿನೇರಳೆ ಬೆಳಕನ್ನು. ಹರ್ಟ್ಸ್ ಇಷ್ಟನ್ನು ಬರೆದು ಪ್ರಕಟಿಸಿ, ಕಾರಣ ಹುಡುಕುವ ಗೋಜಿಗೆ ಹೋಗದೆ, ತಮ್ಮ ಅಲೆಗಳತ್ತ ಮರಳಿದರು.

ಮರುವರ್ಷ ವಿಲ್ಹೆಲ್ಮ್ ಹಾಲ್‌ವಾಕ್ಸ್ ಸತುವಿನ ತಗಡು ಕೈಗೆತ್ತಿಕೊಂಡರು. ಉಜ್ಜಿ ಹೊಳಪಿಸಿದ ತಗಡಿಗೆ ಋಣ ವಿದ್ಯುದಾವೇಶ ತುಂಬಿ ಆರ್ಕ್ ದೀಪದ ಬೆಳಕು ಬಿಟ್ಟರೆ, ವಿದ್ಯುದ್ದರ್ಶಕದಲ್ಲಿ ಅಗಲಿ ನಿಂತಿದ್ದ ಚಿನ್ನದ ಹಾಳೆಗಳು ಬೇಗ ಮುಚ್ಚಿಕೊಳ್ಳುತ್ತಿದ್ದವು. ಧನ ಆವೇಶ ತುಂಬಿದಾಗ ಹಾಗಾಗುತ್ತಿರಲಿಲ್ಲ. ಆದರೆ ತಗಡು ಗಾಳಿಯಲ್ಲಿ ಹೊತ್ತು ಕಳೆದಂತೆಲ್ಲ ಕಿಲುಬು ಹಿಡಿದು ಮಂಕಾಗುತ್ತಿತ್ತು. ಬೆಳಗ್ಗೆ ಸಿಕ್ಕ ಅಳತೆ ಸಂಜೆಗೆ ಸಿಗದು. ಬೆಳಕು ತಾಗಿದಾಗ ಲೋಹದಿಂದ ಋಣ ಆವೇಶ ಹೊರಬೀಳುವ ಈ ದ್ಯುತಿವಿದ್ಯುತ್ ಪರಿಣಾಮದ ಮುಂದಿನ ಚರಿತ್ರೆಯ ಬಹುಪಾಲು ಈ ಕಿಲುಬಿನ ಜೊತೆಗಿನ ಗುದ್ದಾಟವೇ.

ವೋಲ್ಫನ್‌ಬ್ಯೂಟಲ್ ಎಂಬ ಊರಿನ ಇಬ್ಬರು ಶಾಲಾ ಮೇಷ್ಟ್ರುಗಳು, ಎಲ್ಸ್ಟರ್ ಮತ್ತು ಗೈಟಲ್, ಇದಕ್ಕೊಂದು ಉಪಾಯ ಕಂಡುಕೊಂಡರು. ಸೋಡಿಯಂ, ಪೊಟ್ಯಾಸಿಯಂಗಳನ್ನು ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಸೀಲು ಮಾಡಿದರು. ಈ ಲೋಹಗಳಿಗೆ ಅತಿನೇರಳೆ ಬೇಕಿರಲಿಲ್ಲ, ಕಣ್ಣಿಗೆ ಕಾಣುವ ಬೆಳಕೇ ಸಾಕಿತ್ತು.

ಹೊರಬೀಳುವುದು ಎಲೆಕ್ಟ್ರಾನ್ ಎಂದು 1899ರಲ್ಲಿ ಜೆ.ಜೆ. ಥಾಮ್ಸನ್ ತೋರಿಸಿದರು. 1902ರಲ್ಲಿ ಫಿಲಿಪ್ ಲೆನಾರ್ಡ್ ಕಂಡದ್ದಂತೂ ಯಾರೂ ನಿರೀಕ್ಷಿಸದ ಸಂಗತಿ. ಬೆಳಕಿನ ತೀವ್ರತೆಯನ್ನು ಸುಮಾರು ಸಾವಿರ ಪಟ್ಟು ಏರಿಸಿದರೂ ಒಂದೊಂದು ಎಲೆಕ್ಟ್ರಾನಿನ ಗರಿಷ್ಠ ಶಕ್ತಿ ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ಎಲೆಕ್ಟ್ರಾನುಗಳ ಸಂಖ್ಯೆಯಷ್ಟೇ ಹೆಚ್ಚಿತು. ಬೆಳಕು ಬರೀ ಅಲೆಯಾಗಿದ್ದರೆ ಹೀಗಾಗಬಾರದಿತ್ತು.

1905ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರ ಐನ್‌ಸ್ಟೈನ್, ಬೆಳಕು ಬಿಡಿಬಿಡಿ ಶಕ್ತಿಯ ಕಂತೆಗಳಾಗಿ ಬರುತ್ತದೆ, ಕಂತೆಯ ಗಾತ್ರ ಅದರ ಆವೃತ್ತಿಯನ್ನು ಅವಲಂಬಿಸಿದೆ ಎಂದರು. ಲೋಹದಿಂದ ಬಿಡಿಸಿಕೊಳ್ಳಲು ತೆತ್ತ ಪಾಲು ಕಳೆದು ಮಿಕ್ಕಿದ್ದು ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ. ಆವೃತ್ತಿಗೆ ಎದುರಾಗಿ ಆ ಶಕ್ತಿಯ ನಕ್ಷೆ ಬರೆದರೆ ಸರಳರೇಖೆ ಬರಬೇಕು. ಇಂದು ದ್ವಿತೀಯ ಪಿಯುಸಿ ಮಕ್ಕಳು ಕಣ್ಣು ಮುಚ್ಚಿ ಎಳೆಯುವ ಈ ಗೆರೆಯನ್ನು ಅಂದು ನಂಬಿದವರು ಕಡಿಮೆ. 1913ರಲ್ಲಿ ಐನ್‌ಸ್ಟೈನರನ್ನು ಪ್ರಷ್ಯನ್ ಅಕಾಡೆಮಿಗೆ ಶಿಫಾರಸು ಮಾಡಿದ ಭೌತವಿಜ್ಞಾನಿ ಪ್ಲಾಂಕ್ ಮತ್ತಿತರರು, ಬೆಳಕಿನ ಕಂತೆಯ ವಿಷಯದಲ್ಲಿ ಅವರು ಗುರಿ ತಪ್ಪಿರಬಹುದು, ಅದನ್ನು ದೊಡ್ಡದು ಮಾಡಬಾರದು ಎಂದು ಬರೆದಿದ್ದರು.

ಷಿಕಾಗೊದ ರಾಬರ್ಟ್ ಮಿಲಿಕನ್‌ಗೂ ನಂಬಿಕೆ ಇರಲಿಲ್ಲ. ಆದರೂ ಸುಮಾರು ಹತ್ತು ವರ್ಷ ಅದರ ಹಿಂದೆ ಬಿದ್ದರು. ಅವರ ಉಪಕರಣದ ಗಾಜಿನ ಕೊಳವೆಯನ್ನು ನಿರ್ವಾತದೊಳಗಿನ ವರ್ಕ್‌ಶಾಪ್ ಎಂದರೂ ಸರಿಯೇ. ತಿರುಗುವ ಚಕ್ರದ ಮೇಲೆ ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ತುಂಡುಗಳು, ಎದುರಿಗೊಂದು ಚಾಕು. ಕೊಳವೆಯ ಹೊರಗಿನಿಂದಲೇ ವಿದ್ಯುತ್ಕಾಂತದಿಂದ ಚಾಕುವನ್ನು ಆಡಿಸಿ ಲೋಹದ ಮೇಲ್ಪದರವನ್ನು ಹೆರೆಯಬೇಕು, ಚಕ್ರ ತಿರುಗಿಸಿ ಹೊಸ ಮೈಯನ್ನು ಬೆಳಕಿಗೆ ಒಡ್ಡಬೇಕು, ಕಿಲುಬು ಹಿಡಿಯುವ ಮುಂಚೆ ಅಳೆಯಬೇಕು. ಪಾದರಸದ ದೀಪದ ಒಂದೊಂದು ಬಣ್ಣಕ್ಕೂ, ಎಲೆಕ್ಟ್ರಾನುಗಳನ್ನು ಪೂರ್ತಿ ತಡೆಯಲು ಎಷ್ಟು ವೋಲ್ಟ್ ಬೇಕೆಂದು ಗುರುತು ಹಾಕಿಕೊಂಡರು. 1916ರಲ್ಲಿ ಫಲಿತಾಂಶ ಪ್ರಕಟವಾಯಿತು. ಗೆರೆ ನೆಟ್ಟಗಿತ್ತು. ಅದರ ಓರೆಯಿಂದ ಸಿಕ್ಕ ಪ್ಲಾಂಕ್ ಸ್ಥಿರಾಂಕದಲ್ಲಿ (ಕಂತೆಯ ಶಕ್ತಿಗೂ ಆವೃತ್ತಿಗೂ ಇರುವ ಅನುಪಾತದಲ್ಲಿ) ದೋಷ ಸುಮಾರು ಶೇ. 0.5 ಮಾತ್ರ ಎಂದು ಅವರ ಅಂದಾಜು.

ಸಮೀಕರಣ ಸರಿ, ಅದರ ಹಿಂದಿನ ಕಲ್ಪನೆ ಮಾತ್ರ ದುಡುಕಿನದು ಎಂಬುದು ಆಗ ಮಿಲಿಕನ್ ಕೊಟ್ಟ ತೀರ್ಪು. ನೊಬೆಲ್ ಸಮಿತಿಯೂ ಅದೇ ಜಾಡು ಹಿಡಿಯಿತು: ಐನ್‌ಸ್ಟೈನ್‌ಗೆ 1921ರ ಬಹುಮಾನ ಬಂದದ್ದು ದ್ಯುತಿವಿದ್ಯುತ್ ನಿಯಮಕ್ಕೆ, ಬೆಳಕಿನ ಕಂತೆಯ ಕಲ್ಪನೆಗಲ್ಲ. 1923ರಲ್ಲಿ ಮಿಲಿಕನ್‌ಗೂ ನೊಬೆಲ್ ಬಂತು. ಆಗಿನ ಭಾಷಣದಲ್ಲೂ ಬೆಳಕಿನ ಕಂತೆ ಇನ್ನೂ ಸಾಬೀತಾಗಿಲ್ಲ ಎಂದೇ ಹೇಳಿದರು. 1950ರಲ್ಲಿ ಬಂದ ಆತ್ಮಕಥೆಯಲ್ಲಿ ಮಾತ್ರ ಈ ಪ್ರಯೋಗದ ಅಧ್ಯಾಯಕ್ಕೆ ಫೋಟಾನಿನ, ಅಂದರೆ ಬೆಳಕಿನ ಕಂತೆಯ, ಅಸ್ತಿತ್ವದ ಪ್ರಾಯೋಗಿಕ ಪುರಾವೆ ಎಂಬ ಅರ್ಥದ ಹೆಸರಿಟ್ಟರು. ತಮಗೆ ಅಂದಿನ ಫಲಿತಾಂಶದಲ್ಲಿ ಬೇರೆ ಅರ್ಥ ಕಂಡೇ ಇರಲಿಲ್ಲ ಎಂಬ ಧಾಟಿಯಲ್ಲಿ ಅದನ್ನು ಬರೆದರು.