ತೇಲುವ ಗಾಜು, ತಪ್ಪುವ ಅಂಕಿ

ಡೈರಿಗೆ ಹಾಲು ಹಾಕಿದವರಿಗೆ ಲ್ಯಾಕ್ಟೋಮೀಟರ್ ಗೊತ್ತು. ನೀರು ಬೆರೆತ ಹಾಲಿನಲ್ಲಿ ಅದು ತುಸು ಹೆಚ್ಚು ಮುಳುಗಿ ಗುಟ್ಟು ಬಿಟ್ಟುಕೊಡುತ್ತದೆ. ಮನೆಯಲ್ಲಿ ಬಿಯರ್ ಮಾಡುವವರ ಹೈಡ್ರೋಮೀಟರ್ ಅದೇ ವಂಶದ್ದು. ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಬಸಿದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಸಕ್ಕರೆ ಹೆಚ್ಚಿದ್ದಷ್ಟೂ ಗಾಜಿನ ಕಡ್ಡಿ ಮೇಲೆ ನಿಲ್ಲುತ್ತದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಆಗಿಸಿದಂತೆಲ್ಲ ಕೆಳಗಿಳಿಯುತ್ತದೆ. ನೀರಿಗೆ ಹೋಲಿಸಿದ ಈ ಸಾಂದ್ರತೆಯೇ ಗ್ರ್ಯಾವಿಟಿ. ಮೊದಲ ಗ್ರ್ಯಾವಿಟಿ 1.050, ಕೊನೆಯದು 1.010 ಆದರೆ ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಆಲ್ಕೋಹಾಲ್ ಸುಮಾರು ಶೇ. 5.2.

ಈ ಕಡ್ಡಿಯನ್ನು ಬಿಯರಿನ ಮನೆಗೆ ತಂದವರಲ್ಲಿ ಮೊದಲಿಗನೆಂದು ಹೆಸರಾದವನು ಇಂಗ್ಲೆಂಡಿನ ಆಲ್ಟನ್ ಊರಿನ ಜೇಮ್ಸ್ ಬೇವರ್‌ಸ್ಟಾಕ್. 1760ರ ದಶಕದ ಕೊನೆಯ ಮಾತು. ಅಪ್ಪನಿಗೆ ಇಂಥ ಹೊಸತು ಹಿಡಿಸದು, ಮಗ ಕದ್ದುಮುಚ್ಚಿ ಅಳೆಯುತ್ತಿದ್ದ. ಲಂಡನ್ನಿನ ದೊಡ್ಡ ಬಿಯರ್ ಕುಳ ಸ್ಯಾಮ್ಯುಯಲ್ ವಿಟ್‌ಬ್ರೆಡ್ ಸೊಪ್ಪು ಹಾಕಲಿಲ್ಲ. ಸದರ್ಕ್‌ನ ಬಿಯರ್ ತಯಾರಕ ಹೆನ್ರಿ ಥ್ರೇಲ್ ಕಿವಿಗೊಟ್ಟ. 1784ರಲ್ಲಿ ಹಲ್ ಪಟ್ಟಣದ ಜಾನ್ ರಿಚರ್ಡ್‌ಸನ್, ಮರುವರ್ಷ ಬೇವರ್‌ಸ್ಟಾಕ್ ಈ ಅಳತೆಯ ಬಗ್ಗೆ ಪುಸ್ತಕ ಬರೆದರು.

ಅಳತೆ ಬಂದದ್ದೇ ತಡ, ಬಿಯರೇ ಬದಲಾಯಿತು. ಪೋರ್ಟರ್ ಎಂಬ ಕಪ್ಪು ಬಿಯರಿಗೆ ಬಳಸುತ್ತಿದ್ದ ಅಗ್ಗದ ಕಂದು ಮಾಲ್ಟಿನಿಂದ ಸಿಗುವ ಸಕ್ಕರೆ ತೀರಾ ಕಡಿಮೆ ಎಂಬುದು ಕಡ್ಡಿಯಲ್ಲಿ ಕಂಡಿತು. ದುಬಾರಿಯೆನಿಸಿದ್ದ ತಿಳಿ ಮಾಲ್ಟೇ ಲೆಕ್ಕ ಹಾಕಿದಾಗ ಅಗ್ಗ! ಆದರೆ ತಿಳಿ ಮಾಲ್ಟಿನಲ್ಲಿ ಪೋರ್ಟರಿನ ಕಪ್ಪು ಬರದು. ಆ ತಾಪತ್ರಯ 1817ರಲ್ಲಿ ಡೇನಿಯಲ್ ವ್ಹೀಲರ್ ಮಾಲ್ಟನ್ನು ಉರುಳೆಯಲ್ಲಿ ಕಪ್ಪಗೆ ಹುರಿಯುವ ಪೇಟೆಂಟ್ ಪಡೆಯುವ ತನಕ ಎಳೆಯಿತು.

ಆಮೇಲೆ ಬಂದವರು ಕೋಷ್ಟಕದವರು ಮತ್ತು ಸುಂಕದವರು. ಕಾರ್ಲ್ ಬಾಲಿಂಗ್ 1843ರಲ್ಲಿ ಪ್ರಾಗ್‌ನಲ್ಲಿ ಸಕ್ಕರೆಯ ತೂಕಕ್ಕೂ ಸಾಂದ್ರತೆಗೂ ಕೋಷ್ಟಕ ಹೊಂದಿಸಿದ. ಅದನ್ನು ತಿದ್ದಿದ ಫ್ರಿಟ್ಜ್ ಪ್ಲೇಟೋನ ಹೆಸರು ಇಂದಿಗೂ ಡಿಗ್ರಿಯಾಗಿ ಉಳಿದಿದೆ. ಬ್ರಿಟನ್ 1880ರಿಂದ ಮಾಲ್ಟಿನ ಬದಲು ವರ್ಟಿನ ಗ್ರ್ಯಾವಿಟಿಯ ಮೇಲೆಯೇ ಸುಂಕ ಹಾಕಿ, 1993ರವರೆಗೂ ಬಿಡಲಿಲ್ಲ.

ಬ್ರಿಟನ್ 1963ರಲ್ಲಿ ಮನೆಬಿಯರಿಗೆ ಬೇಕಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಯಿಂದ ಮನೆಬಿಯರ್ ಕಾನೂನುಬದ್ಧವಾಯಿತು. ಕಡ್ಡಿ ಅಡುಗೆಮನೆಗೆ ಬಂತು, ಜೊತೆಗೆ ತಪ್ಪುಗಳೂ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸಿದರೆ ಅಬಕಾರಿಯವರು ಬಂದಾರು. ಹಾಗಾಗಿ ನಾನು ಅಳೆದದ್ದು ಬರೀ ಸಕ್ಕರೆ ನೀರು. 900 ಗ್ರಾಂ ನೀರಿಗೆ 100 ಗ್ರಾಂ ಸಕ್ಕರೆ. ಪ್ಲೇಟೋ ಲೆಕ್ಕದಲ್ಲಿ 10 ಡಿಗ್ರಿ, ಅಂದರೆ 1.040 ಬರಬೇಕು. ಬಂದದ್ದು 1.038ರ ಸುತ್ತಮುತ್ತ. ಕಡ್ಡಿಯ ಮೇಲೆ ಸಣ್ಣ ಅಕ್ಷರದಲ್ಲಿ 20° ಸೆ. ಎಂದಿತ್ತು, ಜಾಡಿಯಲ್ಲಿದ್ದದ್ದು 29°. ಬಿಸಿಯಾದ ದ್ರವ ಹಿಗ್ಗಿ ಹಗುರಾಗುತ್ತದೆ, ಕಡ್ಡಿ ಇಳಿಯುತ್ತದೆ. ಮೈಗಂಟಿದ ಗುಳ್ಳೆಗಳದ್ದು ಇದರ ವಿರುದ್ಧದ ಆಟ, ಅವು ಕಡ್ಡಿಯನ್ನು ಎತ್ತುತ್ತವೆ. ಬೆರಳಲ್ಲಿ ಒಮ್ಮೆ ಗಿರ್ರನೆ ತಿರುಗಿಸಿ ಗುಳ್ಳೆ ಉದುರಿಸಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಗಾಜಿಗೆ ಏರಿದ ಅಂಚನ್ನು ಬಿಟ್ಟು ನಡುವಿನ ತಗ್ಗನ್ನು ಓದಬೇಕು.

ಜಾಡಿ ತುಂಬ ಬಿಯರ್ ಹಾಳಾಗುವುದು ಬೇಡವೆಂದವರು, ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಹಿಡಿದರು. ಎರಡು ಹನಿ ಸಾಕು. ಹುದುಗುವ ಮುನ್ನ ಅದು ಸರಿಯೇ. ಆಲ್ಕೋಹಾಲ್ ಹುಟ್ಟಿದ ಮೇಲೆ ಬೆಳಕು ಬೇರೆ ರೀತಿ ಬಾಗಿ, 1.010ಕ್ಕೆ ಇಳಿದ ಬಿಯರನ್ನೂ 1.020 ದಾಟಿಸಿ ತೋರಿಸುತ್ತದೆ. ಸೂತ್ರದಿಂದ ತಿದ್ದಲೇಬೇಕು. ಪಾತ್ರೆಯೊಳಗೇ ತೇಲುತ್ತ, ಎಷ್ಟು ವಾಲಿದ್ದೇನೆಂದು ಮೊಬೈಲಿಗೆ ಹೇಳುವ ಟಿಲ್ಟ್, ಐಸ್ಪಿಂಡಲ್‌ಗಳು ಕಳೆದ ದಶಕದವು. ನೊರೆಯ ಗಷ್ಟು ಮೈಗಂಟಿದರೆ ಅವೂ ಸುಳ್ಳಾಡುತ್ತವೆ. ಆಸ್ಟ್ರಿಯದ ಆಂಟನ್ ಪಾರ್ ಕಂಪನಿ 1967ರಲ್ಲಿ ಮಾರಿದ, ದ್ರವ ತುಂಬಿದ ಬಾಗುನಳಿಗೆಯ ಕಂಪನದಿಂದ ಸಾಂದ್ರತೆ ತಿಳಿಯುವ ಯಂತ್ರದ ಮರಿ ಇಂದು ಮನೆಗೂ ಸಿಗುತ್ತದೆ. ಆದರೆ ಅದಕ್ಕೆ ಕೊಟ್ಟ ಮಾದರಿಯಲ್ಲಿ ಗ್ಯಾಸ್ ಉಳಿದಿದ್ದರೆ ನಾಲ್ಕನೇ ದಶಮಾಂಶ ಕಟ್ಟಿಕೊಂಡು ಏನು ಮಾಡುವುದು?

ನನ್ನ ಕೇಳಿದರೆ, ಮನೆಯಲ್ಲಿ ಮಾಡುವವನಿಗೆ ಅಂಕಿ ಎಷ್ಟೆಂಬುದಕ್ಕಿಂತ ಅದು ನಿಂತಿದೆಯೇ ಎಂಬುದೇ ದೊಡ್ಡದು. 1.014ರಲ್ಲಿ ಅವಸರಪಟ್ಟು ಬಾಟಲಿಗೆ ಹಾಕಿದ ಬಿಯರ್ ಒಳಗೇ 1.010ಕ್ಕೆ ಇಳಿದರೆ, ಇರಬೇಕಾದ ಗ್ಯಾಸ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಬಾಟಲಿ ಸಿಡಿಯುವುದು ಆಗಲೇ. ಪಳಗಿದವರು ಕಡ್ಡಿ ಎರಡು ಅಂಕ ತಪ್ಪಿದರೂ ಚಿಂತಿಸುವುದಿಲ್ಲ; ಅದೇ ಕಡ್ಡಿ, ಅದೇ ಬಿಸಿಯಲ್ಲಿ, ಮೂರು ದಿನ ಅದೇ ಗೆರೆಯಲ್ಲಿ ನಿಂತ ಮೇಲೆಯೇ ಮುಚ್ಚಳ ಒತ್ತುವ ಯಂತ್ರಕ್ಕೆ ಕೈ ಹಾಕುತ್ತಾರೆ.